‘ಆರೆಂಜ್’ ಪದ ನಮ್ಮ ಕಡೆಯಿಂದ ಹೋದದ್ದೇ? ಅದರ ‘ನ’ಕಾರ ಬಿದ್ದುಹೋದದ್ದು ಎಲ್ಲಿ?

ಅರಕಲಗೂಡು ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರತಿ ಸೋಮವಾರ ಒಂದು ಇಂಗ್ಲಿಷ್ ಪದವನ್ನು ಆರಿಸಿಕೊಂಡು, ಅದು ಎಲ್ಲಿಂದ ಬಂತು, ಹೇಗೆ ರೂಪ ಬದಲಿಸಿತು ಎಂದು ನಾಲ್ಕು ಸಾಲು ಬರೆದು ಶಾಲೆಯ ಗೋಡೆಫಲಕದಲ್ಲಿ ಅಂಟಿಸುವುದು ನನ್ನ ರೂಢಿ. ಈ ವಾರ ‘ಆರೆಂಜ್’ ಆರಿಸಿಕೊಂಡಿದ್ದೆ. ನಾನು ಬರೆದದ್ದು ಇಷ್ಟು: “ನಾರಂಗ ಎಂಬ ಸಂಸ್ಕೃತ ಪದ ಇಂಗ್ಲಿಷಿಗೆ ಹೋಗಿ ನಾರೆಂಜ್ ಆಯಿತು. ಇಂಗ್ಲಿಷರು ‘ಎ ನಾರೆಂಜ್’ ಎಂದು ಹೇಳುತ್ತ ಹೇಳುತ್ತ ಅದು ‘ಆ್ಯನ್ ಆರೆಂಜ್’ ಆಗಿ, ಪದದ ಮೊದಲ ಅಕ್ಷರ ಬಿದ್ದುಹೋಯಿತು.”

ಮಧ್ಯಾಹ್ನ ನಮ್ಮ ಕನ್ನಡ ಮೇಷ್ಟ್ರು ಫಲಕದ ಮುಂದೆ ನಿಂತು, “ಇದು ಸಂಸ್ಕೃತದ ಪದವಲ್ಲ, ದಕ್ಷಿಣದ ಪದ” ಎಂದು ಆಕ್ಷೇಪಿಸಿದರು. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, “ಮಿಸ್, ಹಣ್ಣಿಗೆ ಬಣ್ಣದಿಂದ ಹೆಸರು ಬಂತೋ, ಬಣ್ಣಕ್ಕೆ ಹಣ್ಣಿನಿಂದ ಬಂತೋ?” ಎಂದು ಕೇಳಿದಳು. ಎರಡಕ್ಕೂ ಖಚಿತವಾದ ಉತ್ತರ ನನ್ನಲ್ಲಿರಲಿಲ್ಲ. ಮಕ್ಕಳ ಕಣ್ಣೆದುರು ತಪ್ಪು ಒಂದು ದಿನವೂ ಇರಬಾರದೆಂದು ಆ ಹಾಳೆಯನ್ನು ತೆಗೆದುಬಿಟ್ಟಿದ್ದೇನೆ. ಬರುವ ಸೋಮವಾರದೊಳಗೆ ಸರಿಯಾಗಿ ಬರೆದು ಮತ್ತೆ ಅಂಟಿಸಬೇಕು. ತಿಳಿದವರು ದಯವಿಟ್ಟು ತಿದ್ದಬೇಕು.

ನಿಘಂಟುಪ್ರಿಯೆ
ಟೀಚರ್, ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೆ ಉತ್ತರವೂ ಖಚಿತವಾಗಿದೆ: ಹಣ್ಣು ಮೊದಲು, ಬಣ್ಣ ಆಮೇಲೆ. ಇಂಗ್ಲಿಷಿನಲ್ಲಿ ಹಣ್ಣಿನ ಹೆಸರಾಗಿ ಈ ಪದ 14ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಬಣ್ಣದ ಹೆಸರಾಗಿ ಅದು ಬರಹದಲ್ಲಿ ಕಾಣಿಸಿಕೊಳ್ಳುವುದು 16ನೇ ಶತಮಾನದ ಆರಂಭದಲ್ಲಿ, ಅದೂ ಬಟ್ಟೆಗಳ ಲೆಕ್ಕದಲ್ಲಿ.

‘ಎ ನಾರೆಂಜ್’ ಕಥೆಯನ್ನು ಮಾತ್ರ ದಯವಿಟ್ಟು ಮತ್ತೆ ಬರೆಯಬೇಡಿ. ‘ನ’ಕಾರ ಬಿದ್ದದ್ದು ನಿಜ, ಆದರೆ ಬಿದ್ದದ್ದು ಇಂಗ್ಲೆಂಡಿನಲ್ಲಲ್ಲ. ಪರ್ಷಿಯನ್ನಿನ ‘ನಾರಂಗ್’ ಅರಬ್ಬಿಯಲ್ಲಿ ‘ನಾರಂಜ್’ ಆಯಿತು. ಅರಬ್ಬರು ಸ್ಪೇನಿಗೆ ಹುಳಿ ಕಿತ್ತಳೆಯ ಗಿಡವನ್ನು ಒಯ್ದಾಗ ಹೆಸರೂ ಜೊತೆಯಲ್ಲೇ ಹೋಗಿ, ಸ್ಪ್ಯಾನಿಷಿನಲ್ಲಿ ಇಂದಿಗೂ ಅದು ‘ನರಾಂಹ’ ಎಂದೇ ಉಳಿದಿದೆ. ಪೋರ್ಚುಗೀಸರು ಮೊದಲ ‘ನ’ವನ್ನು ‘ಲ’ ಮಾಡಿಕೊಂಡು ‘ಲರಾಂಜ’ ಎನ್ನುತ್ತಾರೆ. ಹಂಗೇರಿಯವರು ‘ನರಾಂಚ್’ ಎನ್ನುತ್ತಾರೆ. ‘ನ’ ಕಳೆದುಕೊಂಡವರು ಇಟಲಿಯವರು ಮತ್ತು ಫ್ರಾನ್ಸಿನವರು. ಇಟಾಲಿಯನ್ನಿನಲ್ಲಿ ‘ಒಂದು’ ಎನ್ನುವುದಕ್ಕೆ ‘ಉನ’ ಎಂಬ ಪದವಿದೆ. ‘ಉನ ನರಾಂಚ’ ಎಂದು ವೇಗವಾಗಿ ಹೇಳಿದರೆ ‘ಉನ್ ಅರಾಂಚ’ ಎಂದು ಕೇಳಿಸುತ್ತದೆ. ಫ್ರೆಂಚಿನಲ್ಲಿಯೂ ಹಾಗೆಯೇ. ಇಂಗ್ಲಿಷಿಗೆ ಪದ ಬಂದದ್ದು ಫ್ರೆಂಚಿನಿಂದ, ಬರುವ ಹೊತ್ತಿಗೆ ಅದರ ತಲೆಯಲ್ಲಿ ‘ನ’ ಇರಲಿಲ್ಲ.

ಗಾಂಧಿಬಜಾರ್ ಓದುಗ
ಇದನ್ನು ನಾನು ಒಪ್ಪಲಾರೆ. ಶಾಲೆಯಿಂದ ಹಿಡಿದು ಕಾಲೇಜಿನವರೆಗೂ ‘ಎ ನಾರೆಂಜ್’ ಉದಾಹರಣೆಯನ್ನೇ ಕೇಳಿಕೊಂಡು ಬಂದಿದ್ದೇವೆ. ಇಷ್ಟು ಜನ ಅಧ್ಯಾಪಕರು ಹೇಳಿದ್ದು ಆಧಾರವಿಲ್ಲದ ಮಾತಾಗಲು ಹೇಗೆ ಸಾಧ್ಯ?

ನಿಘಂಟುಪ್ರಿಯೆ
ಓದುಗರೇ, ಅವರು ಹೇಳಿದ ನಿಯಮ ಸರಿಯಾಗಿದೆ, ಕೊಟ್ಟ ಉದಾಹರಣೆ ತಪ್ಪು. ಇಂಗ್ಲಿಷಿನಲ್ಲೇ ಹಾಗೆ ‘ನ’ ಕಳೆದುಕೊಂಡ ಪದಗಳು ಬೇಕಾದಷ್ಟಿವೆ. ಅಡುಗೆ ಮಾಡುವಾಗ ಕಟ್ಟಿಕೊಳ್ಳುವ ‘ಏಪ್ರನ್’ ಹಿಂದೆ ‘ನೇಪ್ರನ್’ ಆಗಿತ್ತು. ಹಾವಿನ ಹೆಸರಾದ ‘ಆ್ಯಡರ್’ ಹಳೆಯ ಇಂಗ್ಲಿಷಿನಲ್ಲಿ ‘ನ್ಯಾಡ್ರೆ’. ನಾವೆಲ್ಲ ದಿನವೂ ಹೇಳುವ ‘ಅಂಪೈರ್’ ಮೊದಲು ‘ನೂಂಪೇರ್’ ಆಗಿತ್ತು. ಯಾರಿಗೂ ಜೋಡಿಯಲ್ಲದವನು, ಅಂದರೆ ಎರಡೂ ಪಕ್ಷಕ್ಕೆ ಸೇರದ ಮೂರನೆಯವನು ಎಂದು ಅದರ ಅರ್ಥ. ಇದರ ತಿರುವುಮುರುವೂ ನಡೆದಿದೆ: ‘ಆ್ಯನ್ ಈಕ್‌ನೇಮ್’ ಎಂಬುದು ‘ಎ ನಿಕ್‌ನೇಮ್’ ಆಗಿ, ಇಲ್ಲದ ‘ನ’ ಬಂದು ಕೂತಿತು. ಮಕ್ಕಳಿಗೆ ಈ ನಿಯಮವನ್ನು ಹೇಳಬೇಕಾದರೆ ‘ಅಂಪೈರ್’ಗಿಂತ ಒಳ್ಳೆಯ ಪದ ಬೇರೆ ಇಲ್ಲ.

‘ಆರೆಂಜ್’ ವಿಷಯಕ್ಕೆ ಒಂದು ಹಳೆಯ ಲೆಕ್ಕವನ್ನು ನೋಡಿ. 1290ರಲ್ಲಿ ಪೋರ್ಟ್ಸ್‌ಮತ್ ಬಂದರಿಗೆ ಬಂದ ಸ್ಪೇನಿನ ಹಡಗೊಂದರಿಂದ ರಾಣಿ ಎಲಿನರ್ 7 ಕಿತ್ತಳೆ ಹಣ್ಣುಗಳನ್ನು ಕೊಂಡರು. ಆಕೆ ಸ್ಪೇನಿನ ಕ್ಯಾಸ್ಟೀಲಿನವರು, ತವರಿನ ಹಣ್ಣು ಎಂಬ ಆಸೆ ಇದ್ದಿರಬೇಕು. ಆ ಖರ್ಚನ್ನು ಬರೆದ ಗುಮಾಸ್ತ ಅದನ್ನು ‘ಪೋಮ ದೆ ಒರೆಂಜ್’ ಎಂದೇ ದಾಖಲಿಸಿದ್ದಾನೆ. ಇಂಗ್ಲಿಷ್ ಪದ ರೂಢಿಗೆ ಬರುವುದಕ್ಕೂ ಮೊದಲೇ ಇಂಗ್ಲೆಂಡಿನ ಅರಮನೆಯ ಲೆಕ್ಕದಲ್ಲಿ ‘ನ’ ಇಲ್ಲ.

ಗಾಂಧಿಬಜಾರ್ ಓದುಗ
‘ಅಂಪೈರ್’ ವಿಷಯ ನನಗೆ ಹೊಸದು. 1290ರ ಲೆಕ್ಕದ ಮುಂದೆ ನನ್ನ ಆಕ್ಷೇಪ ನಿಲ್ಲುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ‘ನರಾಂಚ’ದ ಮೊದಲಲ್ಲಿ ‘ಅ’ ಉಳಿಯಬೇಕಿತ್ತಲ್ಲವೇ? ಫ್ರೆಂಚಿನಲ್ಲಿ ‘ಒ’ ಎಲ್ಲಿಂದ ಬಂತು?

ಐಂಡ್‌ಹೋವನ್ ಕನ್ನಡತಿ
ಅದಕ್ಕೆ ಎರಡು ಕಾರಣ ಹೇಳುತ್ತಾರೆ. ಫ್ರೆಂಚಿನಲ್ಲಿ ‘ಒರ್’ ಎಂದರೆ ಚಿನ್ನ. ಚಿನ್ನದ ಬಣ್ಣದ ಹಣ್ಣಿಗೆ ಚಿನ್ನದ ಹೆಸರು ಅಂಟಿಕೊಂಡಿತು. ಎರಡನೆಯದು, ಫ್ರಾನ್ಸಿನ ದಕ್ಷಿಣದಲ್ಲಿ ಒರಾಂಜ್ ಎಂಬ ಊರೇ ಇದೆ. ಆ ಊರಿಗೂ ಹಣ್ಣಿಗೂ ಹುಟ್ಟಿನ ಸಂಬಂಧ ಏನೇನೂ ಇಲ್ಲ. ರೋಮನ್ನರ ಕಾಲದಲ್ಲಿ ಅದರ ಹೆಸರು ಅರೌಸಿಯೊ. ಕ್ರಿಸ್ತಪೂರ್ವ 105ರಲ್ಲಿ ಅಲ್ಲಿ ರೋಮನ್ ಸೈನ್ಯ ದೊಡ್ಡ ಸೋಲು ಕಂಡಿತ್ತು. ಅರೌಸಿಯೊ ಸವೆಯುತ್ತ ಸವೆಯುತ್ತ ಹಣ್ಣಿನ ಹೆಸರಿನಂತೆಯೇ ಕೇಳಿಸತೊಡಗಿತು.

ಇನ್ನು ನಾನಿರುವ ದೇಶದ ಮಾತು. ಆ ಊರಿನ ಸಂಸ್ಥಾನ 1544ರಲ್ಲಿ ನಸಾವ್ ಮನೆತನದ ವಿಲಿಯಮನ ಕೈಸೇರಿತು. ಮುಂದೆ ಸ್ಪೇನಿನ ವಿರುದ್ಧ ಡಚ್ಚರ ಹೋರಾಟಕ್ಕೆ ಮುಂದಾಳಾದವನು ಅವನೇ. ಹಾಗಾಗಿ ನೆದರ್‌ಲ್ಯಾಂಡ್ಸಿನ ರಾಜಮನೆತನ ಇಂದಿಗೂ ಒರಾನ್ಯೆ-ನಸಾವ್. ಅರಸನ ಹುಟ್ಟುಹಬ್ಬದ ದಿನ ಈ ಊರಿನ ಬೀದಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಡದ ಒಬ್ಬ ಮನುಷ್ಯನೂ ಸಿಗುವುದಿಲ್ಲ. ಒಂದು ಊರಿನ ಹೆಸರು ಒಂದು ಹಣ್ಣಿನ ಹೆಸರಿನಂತೆ ಕೇಳಿಸಿತು ಎಂಬ ಒಂದೇ ಕಾರಣಕ್ಕೆ ಇಡೀ ದೇಶ ಆ ಬಣ್ಣವನ್ನು ತನ್ನದೆಂದು ಅಪ್ಪಿಕೊಂಡಿದೆ. ಇದೇ ಮನೆತನದ ಮೂರನೆಯ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ಅರಸನಾದ. ಐರ್ಲೆಂಡಿನ ಧ್ವಜದಲ್ಲಿರುವ ಕಿತ್ತಳೆ ಪಟ್ಟಿಯೂ ಅವನ ಪಕ್ಷದವರ ಗುರುತು.

ಆದರೆ ಇಲ್ಲಿಯ ಅಂಗಡಿಯಲ್ಲಿ ಹಣ್ಣಿಗೆ ‘ಒರಾನ್ಯೆ’ ಎನ್ನುವುದಿಲ್ಲ. ‘ಸೀನಾಸ್‌ಆಪಲ್’ ಎನ್ನುತ್ತಾರೆ, ಅಂದರೆ ಚೀನಾದ ಸೇಬು.

ಮಸ್ಕತ್ ಕನ್ನಡಿಗ
ನಮ್ಮಲ್ಲಿ ಇನ್ನೂ ಬೇರೆ. ಅರಬ್ಬಿಯಲ್ಲಿ ‘ನಾರಂಜ್’ ಎಂಬ ಪದ ಇದ್ದರೂ ಅದು ಹುಳಿ ಕಿತ್ತಳೆಗೆ ಮೀಸಲು. ಇಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ ಸಿಹಿ ಕಿತ್ತಳೆಯನ್ನು ಕೇಳುವುದು ‘ಬುರ್ತುಕಾಲ್’ ಎಂದು. ಪೋರ್ಚುಗಲ್ ದೇಶದ ಹೆಸರೇ ಅದು. ಇರಾನಿನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ‘ಪೋರ್ತೆಗಾಲ್’ ಎನ್ನುತ್ತಾರೆ. ತುರ್ಕಿಯವರದು ‘ಪೋರ್ತಕಾಲ್’, ಗ್ರೀಕರದು ‘ಪೋರ್ತೊಕಾಲಿ’. ನಾರಂಗ್ ಎಂಬ ಪದವನ್ನು ಯೂರೋಪಿಗೆ ದಾಟಿಸಿದ ಪರ್ಷಿಯನ್ನರೂ ಅರಬ್ಬರೂ ತಾವೇ ಪೋರ್ಚುಗಲ್ಲಿನ ಹೆಸರು ಹಿಡಿದುಕೊಂಡದ್ದು ಹೇಗೆ?

ನಿಘಂಟುಪ್ರಿಯೆ
ಮೊದಲು ಪಶ್ಚಿಮಕ್ಕೆ ಹೋದದ್ದು ಹುಳಿ ಕಿತ್ತಳೆ. ನಾರಂಜ್ ಎಂಬ ಹೆಸರು ಅದರದು. ಒಳ್ಳೆಯ ಸಿಹಿ ಕಿತ್ತಳೆ ಅಲ್ಲಿ ಎಲ್ಲರ ಬಾಯಿಗೂ ಬಂದದ್ದು ಹಲವು ಶತಮಾನಗಳ ಮೇಲೆ, ಪೋರ್ಚುಗೀಸರ ಹಡಗು ಮತ್ತು ವ್ಯಾಪಾರದಿಂದ. ಹಣ್ಣು ಯಾರ ಕೈಯಿಂದ ಬಂತೋ ಅವರ ಹೆಸರು ಅದಕ್ಕೆ ನಿಂತಿತು. ಡಚ್ಚರು ಅದರ ಮೂಲ ಊರಾದ ಚೀನಾವನ್ನು ನೆನೆದರು. ಸಸ್ಯಶಾಸ್ತ್ರದಲ್ಲೂ ಸಿಹಿ ಕಿತ್ತಳೆಗೆ ‘ಸೈನೆನ್ಸಿಸ್’, ಅಂದರೆ ಚೀನಾದ್ದು ಎಂಬ ವಿಶೇಷಣವಿದೆ. ನಮ್ಮ ಮೂಸಂಬಿಯನ್ನು ನೋಡಿ, ಅದು ಆಫ್ರಿಕಾದ ಮೊಜಾಂಬಿಕ್‌ನ ಹೆಸರು ಹೊತ್ತುಕೊಂಡಿದೆ.

ಹುಳಿ ಹಣ್ಣಿನ ಕಾಲ ಎಷ್ಟು ದೀರ್ಘವಾಗಿತ್ತು ಎಂಬುದಕ್ಕೆ ಶೇಕ್ಸ್‌ಪಿಯರನ ಒಂದು ಶ್ಲೇಷೆ ಸಾಕ್ಷಿ. ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದಲ್ಲಿ ಮುಖ ಹುಳಿ ಮಾಡಿಕೊಂಡ ಒಬ್ಬನನ್ನು ‘ಕಿತ್ತಳೆಯಷ್ಟು ಸಿವಿಲ್’ ಎಂದು ಬಣ್ಣಿಸುವ ಮಾತಿದೆ. ‘ಸಿವಿಲ್’ ಎಂದರೆ ಮರ್ಯಾದಸ್ಥ. ಜೊತೆಗೆ ಹುಳಿ ಕಿತ್ತಳೆಗೆ ಹೆಸರಾದ ಸ್ಪೇನಿನ ಸೆವಿಲ್ ಊರು ಆ ಉಚ್ಚಾರದಲ್ಲೇ ಅಡಗಿದೆ.

ಶಕಟರೇಫ
ಯೂರೋಪಿನ ವಿಷಯ ಸಾಕಷ್ಟಾಯಿತು, ಇನ್ನು ಟೀಚರ್ ಅವರ ಮೊದಲ ಪ್ರಶ್ನೆಗೆ ಬರೋಣ. ನಾನು ಕನ್ನಡ ಪಾಠ ಮಾಡಿ ನಿವೃತ್ತನಾದವನು. ‘ನಾರಂಗ’ ಸಂಸ್ಕೃತದಲ್ಲಿ ಇರುವ ಪದ ಎನ್ನುವುದು ಒಂದು, ಅದು ಸಂಸ್ಕೃತದಲ್ಲೇ ಹುಟ್ಟಿದ ಪದ ಎನ್ನುವುದು ಇನ್ನೊಂದು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲೇ ಯೂಲ್ ಮತ್ತು ಬರ್ನೆಲ್, ಸಂಸ್ಕೃತದ ನಾಗರಂಗ, ನಾರಂಗ ಎಂಬ ರೂಪಗಳಿಗೆ ತೃಪ್ತಿಕರ ನಿಷ್ಪತ್ತಿ ಸಿಗುವುದಿಲ್ಲವೆಂದೂ, ದಕ್ಷಿಣದ ಯಾವುದೋ ಪದವನ್ನು ಸಂಸ್ಕೃತಕ್ಕೆ ಒಗ್ಗಿಸಿಕೊಂಡಿರಬಹುದೆಂದೂ ಬರೆದಿದ್ದಾರೆ. ಬರ್ನೆಲ್ ಮಂಗಳೂರಿನಲ್ಲಿಯೂ ಕೆಲಸ ಮಾಡಿದ್ದ, ದಕ್ಷಿಣದ ಲಿಪಿಗಳನ್ನು ಬಲ್ಲ ವಿದ್ವಾಂಸ.

ದಕ್ಷಿಣದ ಭಾಷೆಗಳನ್ನು ಒಟ್ಟಿಗಿಟ್ಟು ನೋಡಿ. ತಮಿಳಿನಲ್ಲಿ ನಾರತ್ತೈ, ನಾರಂದಂ, ಮಲಯಾಳದಲ್ಲಿ ನಾರಙ್ಙ, ತೆಲುಗಿನಲ್ಲಿ ನಾರಿಂಜ. ಮಲಯಾಳದ ರೂಪವೇ ದಾರಿ ತೋರಿಸುತ್ತದೆ. ಅಲ್ಲಿ ತೆಂಗಿನಕಾಯಿ ‘ತೇಙ್ಙ’, ಮಾವಿನಕಾಯಿ ‘ಮಾಙ್ಙ’. ಇವೆರಡರ ಕೊನೆಯಲ್ಲೂ ಸವೆದುಹೋದ ‘ಕಾಯ್’ ಇದೆ. ಅದೇ ಲೆಕ್ಕದಲ್ಲಿ ‘ನಾರಙ್ಙ’ದಲ್ಲಿಯೂ ‘ನಾರ’ ಎಂಬ ಗಿಡದ ಹೆಸರಿಗೆ ‘ಕಾಯ್’ ಸೇರಿದೆ ಎಂದು ತಿಳಿಯುವುದು ಸಹಜ. ಪೋರ್ಚುಗೀಸರ ಬಾಯಲ್ಲಿ ‘ಮಾಂಗಾ’ ಆಗಿ ಮುಂದೆ ಇಂಗ್ಲಿಷಿನ ‘ಮ್ಯಾಂಗೊ’ ಆದದ್ದೂ ಇಂಥದೇ ‘ಕಾಯ್’ ಇರುವ ಪದ. ಸಮುದ್ರ ದಾಟಿದ ಎರಡು ಹಣ್ಣುಗಳ ಹೆಸರಿನ ಕೊನೆಯಲ್ಲಿ ನಮ್ಮ ‘ಕಾಯಿ’ ಕುಳಿತಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಸವನಗುಡಿ ಹುಡುಗ
ನಾಗರಂಗ ಎಂದರೆ ಆನೆಗೆ ಸಂಬಂಧಿಸಿದ್ದು ಎಂದು ಓದಿದ ನೆನಪು. ಆನೆಯೊಂದು ಕಿತ್ತಳೆಯನ್ನು ಅತಿಯಾಗಿ ತಿಂದು ಹೊಟ್ಟೆಯೊಡೆದು ಸತ್ತಿತು, ಆ ಜಾಗದಲ್ಲಿ ಗಿಡ ಹುಟ್ಟಿತು, ಅದಕ್ಕೆ ‘ನಾಗ’ ಸೇರಿಕೊಂಡಿತು ಎಂಬ ಕಥೆ ಅಂತರ್ಜಾಲದಲ್ಲಿ ಎಲ್ಲೆಲ್ಲೂ ಇದೆ.

ಶಕಟರೇಫ
ತಮ್ಮಾ, ಎಲ್ಲೆಲ್ಲೂ ಇದೆ ಎಂಬುದು ಪದದ ಇತಿಹಾಸಕ್ಕೆ ಆಧಾರವಾಗುವುದಿಲ್ಲ. ‘ನಾಗ’ ಎಂದರೆ ಆನೆ ಎಂಬ ಅರ್ಥವಿರುವುದು ನಿಜ. ಆದರೆ ‘ರಂಗ’ ಎಂದರೆ ಅಜೀರ್ಣವಲ್ಲ. ಅರ್ಥ ತಿಳಿಯದ ಪದ ಎದುರಾದಾಗ ಅದನ್ನು ತಿಳಿದ ತುಂಡುಗಳಾಗಿ ಒಡೆದು, ಆ ತುಂಡುಗಳಿಗೆ ಒಂದು ಕಥೆ ಕಟ್ಟುವುದು ಎಲ್ಲ ದೇಶದ ಜನರ ಅಭ್ಯಾಸ. ಯೂರೋಪಿನ ಪಂಡಿತರೂ ಲ್ಯಾಟಿನ್ನಿನಲ್ಲಿ ‘ಚಿನ್ನ’ದ ಧಾತುವಿನಿಂದ ‘ಔರಾಂಟಿಯಂ’ ಎಂಬ ಪದವನ್ನು ಕಟ್ಟಿ, ‘ಆರೆಂಜ್’ ಅದರಿಂದಲೇ ಬಂತೆಂದು ನಂಬಿದ್ದರು. ಹುಳಿ ಕಿತ್ತಳೆಯ ಸಸ್ಯಶಾಸ್ತ್ರೀಯ ಹೆಸರಿನಲ್ಲಿ ಆ ಕಟ್ಟಿದ ಪದ ಇಂದಿಗೂ ಉಳಿದುಕೊಂಡಿದೆ.

ಮೈಸೂರು ವಿಮಲಾ
ಸರ್, ‘ನಾರು’ ಎಂದರೆ ವಾಸನೆ ಬೀರು ಎಂಬ ಕ್ರಿಯಾಪದದಿಂದಲೇ ಇದು ಬಂದಿರಬಹುದಲ್ಲವೇ? ಇಂದು ‘ನಾರುತ್ತಿದೆ’ ಎಂದರೆ ಕೆಟ್ಟ ವಾಸನೆ, ಆದರೆ ‘ನರುಗಂಪು’ ಎಂದರೆ ಒಳ್ಳೆಯ ಕಂಪೇ. ನಮ್ಮ ಅತ್ತೆಯವರು ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವಾಗ, ಹೆಚ್ಚಿದ ಸಿಪ್ಪೆಯನ್ನು ಒಗ್ಗರಣೆಗೆ ಹಾಕಿದ ಕೂಡಲೇ ಅದರ ಎಣ್ಣೆ ಬಿಟ್ಟುಕೊಂಡು ಏಳುವ ಪರಿಮಳ ನಡುಮನೆ ದಾಟಿ ಬೀದಿಬಾಗಿಲವರೆಗೂ ಬರುತ್ತದೆ. ಹುಣಸೆ ರಸ, ಬೆಲ್ಲ ಬಿದ್ದು ಕುದಿಯುವವರೆಗೂ ಅದು ಹಾಗೆಯೇ ನಿಂತಿರುತ್ತದೆ. ಹಣ್ಣಿನ ಗುಣದಲ್ಲಿ ಮೊದಲು ತಿಳಿಯುವುದು ರುಚಿಯಲ್ಲ, ವಾಸನೆ. ಹೆಸರೂ ಅದರಿಂದಲೇ ಬಂದಿದ್ದರೆ ಆಶ್ಚರ್ಯವಿಲ್ಲ.

ಶಕಟರೇಫ
ವಿಮಲಾ ಅವರೇ, ಇದು ನಿಮಗೆ ಮಾತ್ರ ಹೊಳೆದದ್ದಲ್ಲ. ಹಾಬ್ಸನ್-ಜಾಬ್ಸನ್ ಕೋಶದಲ್ಲೇ, ತಮಿಳಿನಲ್ಲಿ ‘ನಾರ್’ ಎಂದು ಆರಂಭವಾಗುವ ಬಹುಪಾಲು ಪದಗಳಿಗೆ ಕಂಪಿನ ಸಂಬಂಧವಿದೆ ಎಂಬ ಹಳೆಯ ಟಿಪ್ಪಣಿಯೊಂದನ್ನು ಎತ್ತಿ ಕೊಟ್ಟಿದ್ದಾರೆ. ನಿಮ್ಮ ಗೊಜ್ಜಿನ ವಿವರಣೆ ಓದಿದ ಮೇಲೆ ನನಗೂ ಒಪ್ಪಿಬಿಡುವ ಮನಸ್ಸಾಗುತ್ತದೆ. ಆದರೂ ಒಂದು ತೊಡಕನ್ನು ಹೇಳಲೇಬೇಕು.

ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು, ಸಾಮಾನ್ಯ ‘ರ’ ಮತ್ತು ಶಕಟರೇಫವಾದ ‘ಱ’. ವಾಸನೆಯ ‘ನಾಱು’, ‘ನಱುಗಂಪು’ ಇವೆರಡರಲ್ಲೂ ಇರುವುದು ಶಕಟರೇಫ. ನಾರಿನ ಎಳೆ ಎನ್ನುವ ‘ನಾರು’ವಿನಲ್ಲಿ ಸಾಮಾನ್ಯ ರೇಫ. ಹೊಸಗನ್ನಡದಲ್ಲಿ ಎರಡೂ ಬೆರೆತುಹೋದ್ದರಿಂದ ನಮಗೆ ವ್ಯತ್ಯಾಸ ಕೇಳಿಸುವುದಿಲ್ಲ, ಆದರೆ ತಮಿಳು ಬರವಣಿಗೆ ಎರಡನ್ನೂ ಇಂದಿಗೂ ಬೇರೆಯಾಗಿಯೇ ಇಟ್ಟುಕೊಂಡಿದೆ. ತಮಿಳಿನ ನಾರತ್ತೈ, ನಾರಂದಂ ಪದಗಳಲ್ಲಿ ಇರುವುದು ಸಾಮಾನ್ಯ ರೇಫ. ವಾಸನೆಯ ಪದದಲ್ಲಿ ಇರುವುದು ಇನ್ನೊಂದು. ಒಂದೇ ಧಾತುವಾಗಿದ್ದರೆ ರೇಫವೂ ಒಂದೇ ಆಗಿರಬೇಕಿತ್ತು. ಈ ಒಂದು ಅಕ್ಷರದ ಕಾರಣಕ್ಕೆ ನಾನು ವಾಸನೆಯ ನಿಷ್ಪತ್ತಿಯನ್ನು ಒಪ್ಪುವುದಿಲ್ಲ. ದಕ್ಷಿಣದ ಪದ ಎಂಬ ಮಾತು ಇದರಿಂದ ಬಿದ್ದುಹೋಗುವುದಿಲ್ಲ, ‘ಕಂಪಿನಿಂದ ಬಂತು’ ಎಂಬ ಭಾಗ ಮಾತ್ರ ಬೀಳುತ್ತದೆ.

ಮೈಸೂರು ವಿಮಲಾ
ಒಪ್ಪಿದೆ ಸರ್. ಮನಸ್ಸಿಗೆ ಹಿಡಿಸಿದ್ದೆಲ್ಲ ನಿಜವಾಗಬೇಕೆಂದಿಲ್ಲ. ಶಕಟರೇಫವನ್ನು ಬಿಟ್ಟುಬಿಟ್ಟದ್ದರಿಂದ ನಾವು ಏನು ಕಳೆದುಕೊಂಡೆವು ಎಂಬುದು ಇಂಥ ಕಡೆ ತಿಳಿಯುತ್ತದೆ.

ಸಪ್ತಾಪುರ
ಎಲ್ಲರೂ ನಾರಂಗದ ಹಿಂದೆ ಬಿದ್ದಿದ್ದೀರಿ. ನಾವು ದಿನವೂ ಹೇಳುವ ‘ಕಿತ್ತಳೆ’ಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನಮ್ಮ ಧಾರವಾಡದ ಕಡೆ ‘ಸಂತ್ರಿ’ ಎನ್ನುವವರೂ ಇದ್ದಾರೆ. ನಾರಂಗ ನಮ್ಮ ಪದವಾಗಿದ್ದರೆ ನಾವೇ ಅದನ್ನು ಬಳಸದೆ ಕಿತ್ತಳೆ ಎನ್ನುವುದೇಕೆ?

ಶಕಟರೇಫ
ಕಿತ್ತಳೆಯ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಪರೀಕ್ಷಿಸಿ ನೋಡಿ. ಈ ಪದದ ಇನ್ನೊಂದು ರೂಪ ‘ಕಿತ್ತಿಳೆ’. ಕನ್ನಡದಲ್ಲಿ ನಿಂಬೆಯ ಬಳಗದ ಹಣ್ಣಿಗೆ ‘ಈಳೆ’ ಎಂಬ ಹಳೆಯ ಹೆಸರಿದೆ. ‘ಕಿಱು’ ಎಂದರೆ ಸಣ್ಣದು. ಅದರ ಮುಂದೆ ಸ್ವರ ಬಂದಾಗ ಹಳಗನ್ನಡದಲ್ಲಿ ‘ಕಿತ್ತ್’ ಆಗುತ್ತದೆ. ‘ಕಿತ್ತೆಸಳ್’ ಎಂದರೆ ಸಣ್ಣ ಎಸಳು. ಹಾಗೆಯೇ ‘ಕಿತ್ತಿಳೆ’ ಎಂದರೆ ಸಣ್ಣ ಈಳೆ. ಇದಕ್ಕೆ ಜೋಡಿಯಾಗಿ, ನಾವು ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಬಳಸುವ ದಪ್ಪ ಸಿಪ್ಪೆಯ ‘ಹೇರಳೆಕಾಯಿ’ಯನ್ನು ಇಟ್ಟು ನೋಡಿ. ‘ಪೇರ್’ ಎಂದರೆ ದೊಡ್ಡದು, ‘ಪೇರುರ’ ಎಂದರೆ ವಿಶಾಲವಾದ ಎದೆ. ಪಕಾರ ಹಕಾರವಾದಾಗ ‘ಪೇರಿಳೆ’ ಹೇರಳೆಯಾಗುತ್ತದೆ. ಒಂದು ಕಿರಿಯ ಈಳೆ, ಒಂದು ಹಿರಿಯ ಈಳೆ. ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಾತ್ರದಲ್ಲಿಯೂ ಅದೇ ವ್ಯತ್ಯಾಸ.

ನಿಘಂಟುಪ್ರಿಯೆ
ತಮಿಳಿನಲ್ಲಿಯೂ ‘ಕಿಚ್ಚಿಲಿ’ ಎಂಬ ಪದವಿದೆಯಲ್ಲ ಸರ್? ಹಾಗಾದರೆ ನಿಮ್ಮ ವಿವರಣೆ ಕನ್ನಡಕ್ಕೆ ಮಾತ್ರ ಹೊಂದುತ್ತದೆಯೇ?

ಶಕಟರೇಫ
ಒಳ್ಳೆಯ ಪ್ರಶ್ನೆ. ತಮಿಳಿನಲ್ಲಿ ಇ, ಎ ಸ್ವರಗಳ ಹಿಂದಿನ ಕಕಾರ ಚಕಾರವಾಗುತ್ತದೆ. ನಮ್ಮ ‘ಕಿವಿ’ ಅವರಿಗೆ ‘ಚೆವಿ’, ನಮ್ಮ ‘ಕಿರು’ ಅವರಿಗೆ ‘ಚಿರು’. ಕಿಚ್ಚಿಲಿ ಅವರಲ್ಲೇ ಬೆಳೆದ ಪದವಾಗಿದ್ದರೆ ‘ಚಿ’ ಎಂದು ಆರಂಭವಾಗಬೇಕಿತ್ತು. ‘ಕಿ’ ಉಳಿದಿರುವುದನ್ನು ನೋಡಿದರೆ ಅದು ನಮ್ಮಿಂದ ಹೋದದ್ದೆಂದು ನನಗೆ ತೋರುತ್ತದೆ.

ಮಡಿಕೇರಿ ತೋಟ
ಪಂಡಿತರ ನಡುವೆ ಬೆಳೆಗಾರನ ಒಂದು ಮಾತು. ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆಯುತ್ತಿದ್ದ ಮನೆ ನಮ್ಮದು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಅದರ ಸಿಪ್ಪೆ ತೊಳೆಗೆ ಅಂಟಿಕೊಂಡಿರುವುದಿಲ್ಲ, ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿದರೆ ಅಂಗಿ ಬಿಚ್ಚಿದ ಹಾಗೆ ಇಡಿಯಾಗಿ ಕಳಚಿ ಬರುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಇದು ‘ಆರೆಂಜ್’ ಅಲ್ಲವೇ ಅಲ್ಲ, ‘ಮ್ಯಾಂಡರಿನ್’. ಅಂಗಡಿಯಲ್ಲಿ ಸಿಗುವ, ಚಾಕುವಿಲ್ಲದೆ ಸುಲಿಯಲಾಗದ ಗಟ್ಟಿ ಸಿಪ್ಪೆಯ ವಿದೇಶಿ ಹಣ್ಣು ಸಿಹಿ ಆರೆಂಜ್. ಅದು ಚಕ್ಕೋತದ ಜಾತಿಯೂ ಮ್ಯಾಂಡರಿನ್ ಜಾತಿಯೂ ಕೂಡಿ ಹುಟ್ಟಿದ ಮಿಶ್ರ ತಳಿ. ಕನ್ನಡದಲ್ಲಿ ಕಿತ್ತಳೆ ಎಂದರೆ ನಮಗೆ ಮೊದಲು ನೆನಪಾಗುವುದು ಸುಲಭವಾಗಿ ಸುಲಿಯುವ ಹಣ್ಣು, ಇಂಗ್ಲಿಷಿನವರಿಗೆ ಆರೆಂಜ್ ಎಂದರೆ ಇನ್ನೊಂದು. ಟೀಚರ್ ಇದನ್ನೂ ಮಕ್ಕಳಿಗೆ ಹೇಳಬೇಕು.

ಹಸಿರುಬೇನೆ ಬಂದು ನಮ್ಮ ಹಳೆಯ ಗಿಡಗಳೆಲ್ಲ ಹೋದವು. ಎಲೆಯಲ್ಲಿ ಮಚ್ಚೆ ಮಚ್ಚೆಯಾಗಿ ಹಳದಿ ಕಾಣಿಸಿ, ಹಣ್ಣು ಒಂದು ಕಡೆ ಹಸಿರಾಗಿಯೇ ಉಳಿದು, ಎರಡು ಮೂರು ವರ್ಷಗಳಲ್ಲಿ ಗಿಡ ಒಣಗುತ್ತದೆ. ಅಜ್ಜ ನೆಟ್ಟ ಸಾಲಿನಲ್ಲಿ ಈಗ ಉಳಿದಿರುವುದು ನಾಲ್ಕೇ ಗಿಡ. ಹೆಸರಿನ ಚರ್ಚೆ ನಡೆಯುವಾಗ ಹಣ್ಣಿನ ಬಗ್ಗೆಯೂ ಹೇಳಬೇಕೆನಿಸಿತು.

ನಿಘಂಟುಪ್ರಿಯೆ
ತೋಟದವರೇ, ಓದಿ ನೋವಾಯಿತು. ಉಳಿದ ನಾಲ್ಕು ಗಿಡಗಳು ಬದುಕಲಿ.

ನೀವು ‘ಮ್ಯಾಂಡರಿನ್’ ಎಂದಿರಿ. ಆ ಪದದ ಹುಟ್ಟು ಕೇಳಿದರೆ ನಿಮಗೆ ಸಂತೋಷವಾಗುತ್ತದೆ. ಸಂಸ್ಕೃತದ ‘ಮಂತ್ರಿ’ ಮಲಯಾ ದೇಶದ ಭಾಷೆಗೆ ಹೋಗಿ ‘ಮೆಂತ್ರಿ’ ಆಯಿತು. ಪೋರ್ಚುಗೀಸರು ಅಲ್ಲಿ ಅದನ್ನು ಕೇಳಿ, ಆಜ್ಞೆ ಮಾಡು ಎಂಬ ಅರ್ಥದ ತಮ್ಮ ‘ಮಾಂದಾರ್’ ಪದದೊಡನೆ ಬೆರೆಸಿ ‘ಮಾಂದರಿಂ’ ಮಾಡಿಕೊಂಡು, ಚೀನಾದ ಅಧಿಕಾರಿಗಳನ್ನು ಆ ಹೆಸರಿನಿಂದ ಕರೆದರು. ಅಲ್ಲಿಂದ ಅದು ಅಧಿಕಾರಿಗಳ ಭಾಷೆಗೂ, ಕೊನೆಗೆ ಚೀನಾದಿಂದ ಬಂದ ಸಣ್ಣ ಕಿತ್ತಳೆಗೂ ಹೆಸರಾಯಿತು. ಕೊಡಗಿನ ಕಿತ್ತಳೆಯ ಇಂಗ್ಲಿಷ್ ಹೆಸರಿನೊಳಗೆ ನಮ್ಮ ಮಂತ್ರಿಯೇ ಇದ್ದಾನೆ.

ಚಿತ್ರಕಲಾ ಶಿಕ್ಷಕ
ಬಣ್ಣದ ವಿಷಯಕ್ಕೆ ಇನ್ನೂ ಸ್ವಲ್ಪ ಸೇರಿಸುತ್ತೇನೆ, ಆ ಹುಡುಗಿಗೆ ಉಪಯೋಗವಾದೀತು. ಕಿತ್ತಳೆ ಬಣ್ಣಕ್ಕೆ ಹೆಸರು ಬರುವುದಕ್ಕೆ ಮೊದಲು ಇಂಗ್ಲಿಷರು ಆ ಬಣ್ಣವನ್ನು ನೋಡಿರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹಳದಿಗೆಂಪು ಎಂಬ ಅರ್ಥದ ಜೋಡುಪದವಿತ್ತು. 14ನೇ ಶತಮಾನದ ಕೊನೆಯಲ್ಲಿ ಚಾಸರ್ ಕವಿ, ಒಂದು ಹುಂಜ ಕನಸಿನಲ್ಲಿ ಕಂಡ ನರಿಯನ್ನು ವರ್ಣಿಸುವಾಗ ಅದರ ಬಣ್ಣ ‘ಹಳದಿಗೂ ಕೆಂಪಿಗೂ ನಡುವೆ’ ಇತ್ತು ಎನ್ನುತ್ತಾನೆ. ಒಂದು ಪದ ಸಾಕಾಗಬೇಕಾದ ಕಡೆ ಅವನಿಗೆ ಇಡೀ ಸಾಲು ಬೇಕಾಯಿತು. ಇಂಗ್ಲೆಂಡಿನ ತೋಟಗಳಲ್ಲಿ ಕಾಣುವ ರಾಬಿನ್ ಹಕ್ಕಿಯ ಎದೆ ಕಣ್ಣಿಗೆ ಸ್ಪಷ್ಟವಾಗಿ ಕಿತ್ತಳೆ ಬಣ್ಣದ್ದು. ಆದರೂ ಅದರ ಹೆಸರು ‘ಕೆಂಪೆದೆ’. ಕಿತ್ತಳೆ ಕೂದಲಿನವರನ್ನೂ ಅವರು ಕೆಂಪು ಕೂದಲಿನವರೆಂದೇ ಕರೆಯುತ್ತಾರೆ. ಈ ಹೆಸರುಗಳು ಆ ಪದಕ್ಕಿಂತ ಹಳೆಯವು.

ಬಣ್ಣವಾಗಿ ಅದಕ್ಕೆ ಗಟ್ಟಿ ಸ್ಥಾನ ಸಿಕ್ಕಿದ್ದು ನ್ಯೂಟನ್ನನ ಕಾಲಕ್ಕೆ. 1672ರ ಪ್ರಬಂಧದಲ್ಲಿ ಅವನು ಮೊದಲು ಕೆಂಪು, ಹಳದಿ, ಹಸಿರು, ನೀಲಿ, ನೇರಳೆ ಎಂಬ ಐದನ್ನು ಹೇಳಿ, ಅವುಗಳ ಜೊತೆಗೆ ಎಂದು ಕಿತ್ತಳೆಯನ್ನೂ ಇಂಡಿಗೊ ಬಣ್ಣವನ್ನೂ ಸೇರಿಸುತ್ತಾನೆ. ಮುಖ್ಯ ಪಟ್ಟಿ ಮುಗಿದ ಮೇಲೆ ಸೇರಿಸಿದ ಎರಡು ಹೆಸರುಗಳಲ್ಲಿ ಒಂದು ಭಾರತದಿಂದ ಹೋದ ಪದ, ಇನ್ನೊಂದು ಭಾರತದ ಹೆಸರನ್ನೇ ಹೊತ್ತ ನೀಲಿ. ಕನ್ನಡದಲ್ಲೂ ಇಂಥದೇ ಸ್ಥಿತಿ: ಕಪ್ಪು, ಬಿಳಿ, ಕೆಂಪು ಎಂಬುವು ತಮ್ಮಷ್ಟಕ್ಕೆ ತಾವೇ ಬಣ್ಣಗಳು, ಕಿತ್ತಳೆ, ಕೇಸರಿ, ಕಾವಿ ಎಂದರೆ ಹಣ್ಣು, ಹೂವು, ಮಣ್ಣು ನೆನಪಾಗಲೇಬೇಕು.

ಬಸವನಗುಡಿ ಹುಡುಗ
ಹಾಗಾದರೆ ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಬಂದದ್ದು ಡಚ್ ರಾಜಮನೆತನದ ಗೌರವಕ್ಕಾಗಿ ಎಂಬ ಮಾತು?

ಐಂಡ್‌ಹೋವನ್ ಕನ್ನಡತಿ
ಅದು ಆನೆಯ ಕಥೆಯ ತಮ್ಮ. ಡಚ್ ರೈತರು 17ನೇ ಶತಮಾನದಲ್ಲಿ ಕಿತ್ತಳೆ ಬಣ್ಣದ ಕ್ಯಾರೆಟ್ ತಳಿಗಳನ್ನು ಹೆಚ್ಚಾಗಿ ಬೆಳೆದು ಹರಡಿದ್ದು ನಿಜ. ಅರಸನ ಗೌರವಕ್ಕಾಗಿ ಬೆಳೆದರು ಎಂಬುದಕ್ಕೆ ಆ ಕಾಲದ ದಾಖಲೆಯ ಬೆಂಬಲವಿಲ್ಲ.

ಹಂಪನಕಟ್ಟೆ
ಇಷ್ಟು ಹೊತ್ತು ಓದುತ್ತಿದ್ದೆ. ಮಂಗಳೂರಿನವನಾಗಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ಹರೇಕಳ ಹಾಜಬ್ಬರು ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಾರುತ್ತಿದ್ದವರು. ಒಮ್ಮೆ ವಿದೇಶಿ ದಂಪತಿಗಳು ಅವರ ಬಳಿ ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ತುಳು, ಬ್ಯಾರಿ ಬಲ್ಲ ಹಾಜಬ್ಬರಿಗೆ ಆ ಮಾತು ಅರ್ಥವಾಗಲಿಲ್ಲ, ಉತ್ತರ ಹೇಳಲಾಗಲಿಲ್ಲ, ಅವರು ಹಾಗೆಯೇ ಹೊರಟುಹೋದರು. ತಮ್ಮ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು, ಹಣ್ಣು ಮಾರಿದ ಹಣವನ್ನು ಕೂಡಿಟ್ಟು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ದಕ್ಷಿಣದಿಂದ ಹೊರಟ ಪದವೊಂದು ಪರ್ಷಿಯಾ, ಅರಬ್, ಸ್ಪೇನ್, ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿ ಮಂಗಳೂರಿನ ಬೀದಿಗೆ ಬಂದಾಗ, ಅದೇ ಹಣ್ಣಿನ ಬುಟ್ಟಿ ಹೊತ್ತವರಿಗೆ ಪರಕೀಯರ ಮಾತಾಗಿ ಕೇಳಿಸಿತು.

ಅರಕಲಗೂಡು ಟೀಚರ್
ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಪಾಠದ ನಡುವೆ ಸಮಯ ಸಿಕ್ಕಾಗಲೆಲ್ಲ ಓದಿದ್ದೇನೆ, ಕನ್ನಡ ಮೇಷ್ಟ್ರಿಗೂ ಓದಿ ಹೇಳಿದ್ದೇನೆ. ಹುಡುಗಿಗೆ ಉತ್ತರ ಹೇಳಿದಾಗ, “ಹಾಗಾದರೆ ನೇರಳೆ ಬಣ್ಣವೂ ನೇರಳೆ ಹಣ್ಣಿನದೇ ಅಲ್ಲವೇ ಮಿಸ್?” ಎಂದು ತಾನೇ ಕಂಡುಕೊಂಡಳು. ಸೋಮವಾರದ ಹಾಳೆಯನ್ನು ಹೀಗೆ ಬರೆದಿದ್ದೇನೆ, ಅಂಟಿಸುವ ಮೊದಲು ನೋಡಿಬಿಡಿ:

“ದಕ್ಷಿಣ ಭಾರತದ ಭಾಷೆಗಳಿಂದ ಬಂದಿತೆಂದು ತಿಳಿಯಲಾದ ‘ನಾರಂಗ’ ಸಂಸ್ಕೃತದಿಂದ ಹುಟ್ಟಿ, ಪರ್ಷಿಯನ್, ಅರಬ್ಬಿ ಭಾಷೆಗಳನ್ನು ದಾಟಿ ಯೂರೋಪಿಗೆ ಹೋಯಿತು. ಇಟಲಿ, ಫ್ರಾನ್ಸಿನ ಜನರ ಬಾಯಲ್ಲಿ ಅದರ ‘ನ’ ಬಿದ್ದುಹೋಯಿತು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು ‘ಆರೆಂಜ್’ ಆಯಿತು. ಮೊದಲು ಅದು ಹಣ್ಣಿನ ಹೆಸರು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬಣ್ಣದ ಹೆಸರು.”

ಶಕಟರೇಫ
ಚೆನ್ನಾಗಿದೆ ಟೀಚರ್. ಒಂದೇ ತಿದ್ದುಪಡಿ. ದಕ್ಷಿಣದ ಭಾಷೆಗಳಿಂದ ಬಂದಿತು ಎಂದ ಮೇಲೆ ‘ಸಂಸ್ಕೃತದಿಂದ ಹುಟ್ಟಿ’ ಎಂಬುದು ಹೊಂದುವುದಿಲ್ಲ. ‘ಸಂಸ್ಕೃತದ ಮೂಲಕ’ ಎಂದು ಬರೆಯಿರಿ.

ಅರಕಲಗೂಡು ಟೀಚರ್
ತಿದ್ದಿದ್ದೇನೆ ಸರ್. ಅದರ ಮುಂದಿನ ವಾರ ‘ಅಂಪೈರ್’.